ಗ್ಲೂಕೋಸ್ ಬಾಟಲಿಗೆ ಮೊದಲು

(ಹೊನ್ನಾಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಇಟ್ಟವರ ಷರತ್ತು ಒಂದೇ. ಮಾತು ಕನ್ನಡದಲ್ಲಿರಬೇಕು, ಕೇಳಿದವರಿಗೆ ಮರುದಿನದ ಕೆಲಸಕ್ಕೆ ಒದಗಬೇಕು. ಹೃದಯಾಘಾತದ ಬಗ್ಗೆಯೋ ಸಕ್ಕರೆ ಕಾಯಿಲೆಯ ಬಗ್ಗೆಯೋ ಹೇಳಬಹುದಿತ್ತು. ಆ ಎರಡರ ಹೆಸರು ಕೇಳದವರು ಈ ಸಭಾಂಗಣದಲ್ಲಿ ಯಾರೂ ಇಲ್ಲ. ಹೆಸರೇ ಕೇಳದ, ಆದರೆ ನಮ್ಮ ಹೊನ್ನಾಳಿ, ಚನ್ನಗಿರಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕುಗಳಲ್ಲಿ ಬೇರೆಬೇರೆ ವೇಷ ಹಾಕಿಕೊಂಡು ಓಡಾಡುವ ಒಂದು ಕಾಯಿಲೆಯನ್ನು ಆರಿಸಿಕೊಂಡಿದ್ದೇನೆ. ಕುಡುಕನ ಮೈಯಲ್ಲಿದ್ದರೆ ಅದಕ್ಕೆ 'ಎಣ್ಣೆ ಏರಿದೆ' ಅನ್ನುತ್ತೇವೆ. ಬಾಣಂತಿಯಲ್ಲಿದ್ದರೆ 'ಸನ್ನಿ', ಕೂಸಿನಲ್ಲಿದ್ದರೆ 'ಬಾಲಗ್ರಹ'. ನಾವು ಡಾಕ್ಟರುಗಳೇನೂ ಮೇಲಲ್ಲ. 'ಮಿದುಳು ಜ್ವರ ಇರಬಹುದು' ಎಂದು ಚೀಟಿ ಬರೆದು ದಾವಣಗೆರೆಗೋ ಶಿವಮೊಗ್ಗಕ್ಕೋ ಕಳಿಸಿಬಿಡುತ್ತೇವೆ. ಒಳಗಿರುವುದು ಮಾತ್ರ ಒಂದೇ: ಥಯಮಿನ್, ಅಂದರೆ ಬಿ1 ಜೀವಸತ್ವ, ಪೂರ್ತಿ ಬತ್ತಿಹೋದ ಮಿದುಳು. ಇಡೀ ಚಿಕಿತ್ಸೆಯ ಔಷಧದ ಬೆಲೆ ಒಂದು ಎಂಆರ್‌ಐ ಸ್ಕ್ಯಾನಿನ ಖರ್ಚಿನ ಸಣ್ಣದೊಂದು ಪಾಲು. ಆದರೆ ತಡವಾಗಿ ಕೊಟ್ಟರೆ ಎಷ್ಟು ಕೊಟ್ಟರೂ ಹೋದದ್ದು ಪೂರಾ ವಾಪಸ್ಸು ಬರುವುದಿಲ್ಲ.

ಬಿ1 ಅನ್ನು ಮೈ ಕೂಡಿಟ್ಟುಕೊಳ್ಳುವುದಿಲ್ಲ. ದೊಡ್ಡವರ ಮೈಯಲ್ಲಿ ಯಾವ ಹೊತ್ತಿಗೂ ಇರುವುದು 25ರಿಂದ 30 ಮಿಲಿಗ್ರಾಂ. ದಿನಕ್ಕೆ ಬೇಕಾಗುವುದು ಒಂದರಿಂದ ಒಂದೂವರೆ ಮಿಲಿಗ್ರಾಂ. ಬಸುರಿಗೆ, ಹಾಲೂಡಿಸುವ ತಾಯಿಗೆ, ಜ್ವರ ಬಂದವರಿಗೆ ಇನ್ನಷ್ಟು. ಹೊರಗಿನಿಂದ ಬರುವುದು ನಿಂತರೆ ಎರಡು ಮೂರು ವಾರದಲ್ಲಿ ಎಲ್ಲ ಖಾಲಿ. ಖಾಲಿಯಾದಾಗ ಮೊದಲ ಏಟು ಬೀಳುವ ಅಂಗಗಳಲ್ಲಿ ಮಿದುಳೂ ಒಂದು. ಮೈಯ ತೂಕದಲ್ಲಿ ನೂರಕ್ಕೆ ಎರಡರಷ್ಟೇ ಇರುವ ಮಿದುಳು, ಮೈ ಬಳಸುವ ಶಕ್ತಿಯಲ್ಲಿ ಐದನೇ ಒಂದು ಪಾಲನ್ನು ತಾನೊಂದೇ ತಿನ್ನುತ್ತದೆ. ಆ ಶಕ್ತಿ ಬಹುಪಾಲು ಗ್ಲೂಕೋಸಿನಿಂದಲೇ ಬರಬೇಕು. ಗ್ಲೂಕೋಸನ್ನು ಶಕ್ತಿಯಾಗಿ ಮಾರ್ಪಡಿಸುವ ಮುಖ್ಯ ಕಿಣ್ವಗಳಿಗೆ ಬಿ1 ಇಲ್ಲದೆ ಕೆಲಸವೇ ಸಾಗದು.

ಇಲ್ಲಿ ನಮ್ಮ ಊರಿನ ಒಂದು ಅಭ್ಯಾಸದ ಮಾತು ಬರುತ್ತದೆ. ಸುಸ್ತು ಅಂದರೆ ಗ್ಲೂಕೋಸ್, ವಾಂತಿ ಅಂದರೆ ಗ್ಲೂಕೋಸ್, 'ಒಂದು ಬಾಟ್ಲಿ ಹಾಕ್ರಿ ಡಾಕ್ಟ್ರೇ, ಎದ್ದು ಕುಂದರ್ತಾನೆ'. ಹಾಕದಿದ್ದರೆ ಪಕ್ಕದ ಬೀದಿಯ ಕ್ಲಿನಿಕ್ಕಿಗೆ ಹೋಗುತ್ತಾರೆ. ಹಾಗಾಗಿ ನಾವೂ ಹಾಕುತ್ತೇವೆ. ಬಿ1 ಇರುವವನಿಗೆ ಆ ಬಾಟಲಿಯಿಂದ ಲಾಭವಿಲ್ಲದಿದ್ದರೂ ಸಾಮಾನ್ಯವಾಗಿ ನಷ್ಟವಿಲ್ಲ. ಬತ್ತಿದವನಿಗೆ ಹಾಕಿದರೆ, ಗಾಳಿಯಾಡದ ಒಲೆಗೆ ಸೌದೆ ತುರುಕಿದ ಹಾಗೆ. ಉರಿ ಬರುವುದಿಲ್ಲ, ಹೊಗೆ ತುಂಬುತ್ತದೆ. ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ, ಅಳಿದುಳಿದ ಒಂದೆರಡು ಮಿಲಿಗ್ರಾಂ ಬಿ1 ಕೂಡ ಆ ಸಕ್ಕರೆಯನ್ನು ಅರಗಿಸುವುದರಲ್ಲಿ ಮುಗಿದುಹೋಗುತ್ತದೆ. ಬೆಳಿಗ್ಗೆ ನಡೆದುಕೊಂಡು ಬಂದವನು ಸಂಜೆಗೆ ಮಂಪರಿಗೆ ಜಾರುವುದು ಹೀಗೆ. ಇವತ್ತಿನ ನನ್ನ ಮಾತೆಲ್ಲ ಒಂದು ಸಾಲಿನಲ್ಲಿ ಹೇಳುವುದಾದರೆ ಇಷ್ಟೇ: ಸಂಶಯ ಬಂದ ಕಡೆ ಗ್ಲೂಕೋಸ್ ಬಾಟಲಿಗೆ ಮೊದಲು ಬಿ1 ಚುಚ್ಚಿ. ಪುರಾವೆಗೆ ಕಾಯಬೇಡಿ.

ಈ ಮಿದುಳು ಕಾಯಿಲೆಯನ್ನು ಮೊದಲು ಬರೆದಿಟ್ಟವರು ಜರ್ಮನಿಯ ಕಾರ್ಲ್ ವೆರ್ನಿಕೆ, 1881ರಲ್ಲಿ. ಅವರು ವಿವರಿಸಿದ್ದು ಮೂರೇ ರೋಗಿಗಳನ್ನು. ಇಬ್ಬರು ವಿಪರೀತ ಕುಡಿಯುವ ಗಂಡಸರು. ಮೂರನೆಯವಳು ಬಟ್ಟೆ ಹೊಲಿದು ಬದುಕುತ್ತಿದ್ದ ಇಪ್ಪತ್ತರ ಹುಡುಗಿ. ಗಂಧಕಾಮ್ಲ ಕುಡಿದು ಸಾಯಲು ಹೊರಟಿದ್ದಳು, ಬದುಕಿಕೊಂಡಳು. ಆದರೆ ಆಮ್ಲ ಸುಟ್ಟ ಜಠರದ ಬಾಯಿ ಕಟ್ಟಿಕೊಂಡು, ತಿಂದದ್ದೆಲ್ಲ ವಾಂತಿಯಾಗತೊಡಗಿತು. ವಾರಗಳ ಮೇಲೆ ಅವಳಿಗೆ ಕಣ್ಣು ಮಂಜಾಯಿತು, ಕಣ್ಣುಗುಡ್ಡೆಯ ಚಲನೆ ನಿಂತಿತು, ನಡಿಗೆ ತಪ್ಪಿತು, ಮಂಪರು ಕವಿಯಿತು, ಸತ್ತಳು. ಮೂವರ ಮಿದುಳಿನಲ್ಲೂ ನಡುಭಾಗದ ನೀರುಗೂಡುಗಳ ಸುತ್ತ ಸೂಜಿಮೊನೆಯಂಥ ರಕ್ತಸ್ರಾವಗಳನ್ನು ವೆರ್ನಿಕೆ ಕಂಡರು. ಕಾರಣ ಅವರಿಗೆ ಗೊತ್ತಾಗಲಿಲ್ಲ. ಜೀವಸತ್ವ ಎಂಬ ಕಲ್ಪನೆಯೇ ಆಗ ಹುಟ್ಟಿರಲಿಲ್ಲ. ಕುಡಿತವನ್ನೇ ಅರಿಯದ ಆ ಹುಡುಗಿಯನ್ನು ಮುಂದಿನ ಪೀಳಿಗೆಯ ವೈದ್ಯರು ಮರೆತೇಬಿಟ್ಟರು ಎಂಬುದು ನನ್ನ ದೂರು. ನೂರು ವರ್ಷ 'ಕುಡುಕರ ಕಾಯಿಲೆ' ಎಂದೇ ಪಾಠ ನಡೆಯಿತು, ಈಗಲೂ ಎಷ್ಟೋ ಕಡೆ ನಡೆಯುತ್ತಿದೆ. ಹಾಗಾಗಿ ಕುಡಿಯದ ಬಸುರಿ, ಕುಡಿಯದ ಬಾಣಂತಿ, ಮೊಲೆಹಾಲಲ್ಲದೆ ಬೇರೇನೂ ಕುಡಿಯದ ಕೂಸು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಕುಡಿಯುವವರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ, 90 ಎಂ.ಎಲ್. ಪ್ಯಾಕೆಟ್ಟು ಬಂತು. ದಿನವಿಡೀ ಕುಡಿಯುವವನು ಉಣ್ಣುವುದಿಲ್ಲ, ಉಂಡರೂ ಮದ್ಯವು ಕರುಳಿನಲ್ಲಿ ಬಿ1 ಹೀರಿಕೊಳ್ಳುವುದನ್ನು ತಡೆಯುತ್ತದೆ. ಅವನು ತೂರಾಡುತ್ತಾನೆ, ಅಸಂಬದ್ಧ ಮಾತಾಡುತ್ತಾನೆ, ಒಂದು ವಸ್ತು ಎರಡಾಗಿ ಕಾಣುತ್ತದೆ ಅನ್ನುತ್ತಾನೆ. ಅಮಲಿನ ಲಕ್ಷಣಗಳೂ ಇವೇ. ಅಮಲೋ ಕಾಯಿಲೆಯೋ ಎಂದು ಹೇಗೆ ತಿಳಿಯುವುದು? ನಾನು ನೋಡುವುದು ಎರಡು. ಮೊದಲನೆಯದು ಹೊತ್ತು: ಅಮಲು ರಾತ್ರಿ ಕಳೆದರೆ ಇಳಿಯುತ್ತದೆ, ಮೂರನೇ ದಿನವೂ ತೂರಾಡುತ್ತಿದ್ದರೆ ಅದು ಅಮಲಲ್ಲ. ಎರಡನೆಯದು ಕಣ್ಣು. ಪೆನ್ನನ್ನು ಅವನ ಮುಖದಿಂದ ಒಂದು ಮೊಳ ದೂರ ಹಿಡಿದು, ತಲೆ ಅಲುಗಾಡಿಸದೆ ನೋಡು ಎಂದು ಹೇಳಿ, ನಿಧಾನಕ್ಕೆ ಒಂದು ಪಕ್ಕಕ್ಕೆ ಒಯ್ಯಿರಿ. ಅಂಚಿಗೆ ಹೋದ ಕಣ್ಣುಗುಡ್ಡೆ ಅಲ್ಲಿ ನಿಲ್ಲದೆ ಪಟಪಟ ಕಂಪಿಸಿದರೆ, ಅಥವಾ ಒಂದು ಕಣ್ಣು ಅಂಚು ಮುಟ್ಟದೆ ನಡುವೆಯೇ ನಿಂತರೆ ಸಂಶಯಪಡಿ. ಅಮಲಿನಲ್ಲೂ ಕಣ್ಣು ಕಂಪಿಸಬಹುದು, ಆದರೆ ನಡುವೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಕುಡಿತ ಬಿಡಿಸಲು ಕರೆತಂದವರಿಗೂ, ಶಿಬಿರಕ್ಕೆ ಸೇರಿದವರಿಗೂ ಮೊದಲ ದಿನವೇ ಬಿ1 ಸಿಗಬೇಕು. ಬಿಟ್ಟ ಮೇಲಿನ ನಡುಕ, ಬೆವರು, ಊಟ ಸೇರದಿರುವುದು ಇವೆಲ್ಲ ಸೇರಿ ಉಳಿದದ್ದನ್ನೂ ಬತ್ತಿಸುತ್ತವೆ.

ಬಸುರಿಯರ ವಾಂತಿ ಇದಕ್ಕಿಂತ ಮೋಸಗಾರ. ಮೂರು ತಿಂಗಳ ತನಕ ವಾಂತಿ ಸಹಜ ಎಂದು ಎಲ್ಲರೂ ಸುಮ್ಮನಿರುತ್ತಾರೆ. ವಾರಗಟ್ಟಲೆ ಗುಟುಕು ನೀರೂ ನಿಲ್ಲದ ಹುಡುಗಿಯನ್ನು ತವರಿನವರು ಕರೆತರುತ್ತಾರೆ, ಹತ್ತಿರದ ಕಡೆ ದಿನಕ್ಕೊಂದು ಬಾಟಲಿ ಏರಿಸುತ್ತಾರೆ. ಐದಾರು ದಿನಕ್ಕೆ ಅವಳು 'ಎರಡೆರಡು ಕಾಣ್ತೈತಿ' ಅಂದರೆ, ಕಣ್ಣಿನ ಡಾಕ್ಟರ ಹತ್ತಿರ ಕಳಿಸುವ ಮೊದಲು ಬಿ1 ಕೊಡಿ. ಹಾಗೆ ಕೊಟ್ಟು ಮರುದಿನವೇ ನೆಟ್ಟಗೆ ನೋಡಿದವರನ್ನು ಕಂಡಿದ್ದೇನೆ. ಕೊಡದೆ ನೆನಪನ್ನೇ ಕಳೆದುಕೊಂಡವಳನ್ನೂ ಕಂಡಿದ್ದೇನೆ.

ಈಗ ಕೂಸುಗಳ ವಿಷಯ. ನನ್ನ ಸಮಯದ ಬಹುಪಾಲನ್ನು ಇದಕ್ಕೇ ಇಟ್ಟುಕೊಂಡಿದ್ದೆ.

ನ್ಯಾಮತಿ ಕಡೆಯ ಒಂದು ತಾಂಡಾದಿಂದ ಮೂರು ತಿಂಗಳ ಕೂಸನ್ನು ತಾಯಿ, ಅತ್ತೆ ಇಬ್ಬರೂ ರಾತ್ರಿ ಹೊತ್ತು ತಂದರು. ಒಂದು ವಾರದಿಂದ ಮೊಲೆ ಕುಡಿದದ್ದೆಲ್ಲ ಕಕ್ಕುತ್ತಿತ್ತಂತೆ. ಜ್ವರವಿಲ್ಲ. ಆಮೇಲೆ ಮೊಲೆ ಹಿಡಿಯುವುದನ್ನೇ ಬಿಟ್ಟಿತು, ಮುಲುಗತೊಡಗಿತು. ಹತ್ತಿರದ ಒಂದು ಕಡೆ ಗ್ಲೂಕೋಸ್ ಹಾಕಿಸಿದ್ದರು. ಅದಾದ ಮೇಲೆ ಫಿಟ್ಸು ಬಂತು. ನನ್ನ ಮುಂದೆ ಮಲಗಿಸಿದಾಗ ಅದು ಬಾಯಿ ದೊಡ್ಡದಾಗಿ ತೆರೆದು, ಮುಖ ಕೆಂಪಗೆ ಮಾಡಿ ಅಳುತ್ತಿತ್ತು, ಆದರೆ ಕೋಣೆಯಲ್ಲಿ ಸದ್ದೇ ಇಲ್ಲ. "ಅಳ್ತೈತಿ ಸಾರ್, ದನಿ ಬರಲ್ಲ," ಅಂದರು ಅತ್ತೆ. ಎರಡೂ ರೆಪ್ಪೆಗಳು ಅರ್ಧ ಇಳಿಬಿದ್ದಿದ್ದವು. ಉಸಿರು ಏದುತ್ತಿತ್ತು.

ತಾಯಿಯನ್ನು ಕೇಳಿದೆ: "ಏನು ಉಣ್ತೀಯವ್ವ?"

"ಅನ್ನ."

"ಅನ್ನಕ್ಕೇನು?"

"ಮೆಣಸು ಬೆಳ್ಳುಳ್ಳಿ ಖಾರ. ಮೇಲೊಂಚೂರು ತುಪ್ಪ."

"ಬೇಳೆ?"

ಅವಳು ಅತ್ತೆಯ ಮುಖ ನೋಡಿದಳು. "ಬೇಳೆ ವಾಯು. ಕೂಸಿಗೆ ಹೊಟ್ಟೆನೋವು ಬರ್ತೈತಿ," ಅಂದರು ಅತ್ತೆ. ಸೊಪ್ಪು ಶೀತ, ಕಾಳು ನಂಜು, ಮೊಟ್ಟೆ ಆಗದು. ಹೆರಿಗೆಯಾದ ದಿನದಿಂದ ಅವಳು ತಿಂದದ್ದು ಗಿರಣಿಯ ಬಿಳಿ ಅಕ್ಕಿಯ ಅನ್ನ ಮಾತ್ರ. ನೆಲದ ಮೇಲೆ ಕೂತವಳನ್ನು ಕೈ ಊರದೆ ಏಳು ಅಂದೆ, ಏಳಲಾಗಲಿಲ್ಲ. ಪಾದ ಜೋಮು ಹಿಡಿದು ತಿಂಗಳಾಗಿತ್ತು. 'ಬಾಣಂತಿ ಅಂದ್ರೆ ಹಂಗೇ' ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಾಯಿಯಲ್ಲಿಲ್ಲದ ಬಿ1 ಅವಳ ಹಾಲಿನಲ್ಲಿ ಎಲ್ಲಿಂದ ಬರಬೇಕು?

ಕೂಸಿಗೆ ರಕ್ತನಾಳದ ಮೂಲಕ 100 ಮಿಲಿಗ್ರಾಂ ಬಿ1 ನಿಧಾನವಾಗಿ ಕೊಟ್ಟೆವು. ಸೋಂಕಿಲ್ಲವೆಂದು ಖಾತ್ರಿಯಾಗುವವರೆಗೆ ಅದರ ಔಷಧವನ್ನೂ ನಿಲ್ಲಿಸಲಿಲ್ಲ; ಎರಡೂ ಒಟ್ಟಿಗೆ ನಡೆಯಬೇಕು. ಬೆಳಗಿನ ಜಾವಕ್ಕೆ ಏದುಸಿರು ಇಳಿಯಿತು, ರೆಪ್ಪೆ ಎದ್ದಿತು, ಕೂಸು ಮೊಲೆ ಹುಡುಕಿತು. ದನಿ ಬರಲು ಮಾತ್ರ ಇನ್ನೂ ಕೆಲವು ದಿನ ಹಿಡಿಯಿತು. ತಾಯಿಗೂ ಸೂಜಿ, ಆಮೇಲೆ ಮಾತ್ರೆ. ತಾಯಿಯನ್ನು ಬಿಟ್ಟು ಕೂಸಿಗೆ ಮಾತ್ರ ಕೊಟ್ಟು ಕಳಿಸಿದರೆ ಅದೇ ಹಾಲು ಕುಡಿದು ಅದೇ ಕೂಸು ಮತ್ತೆ ಬರುತ್ತದೆ. ಮೊಲೆಹಾಲು ಬಿಡಿಸಿ ಎಂದು ಯಾರೂ ಹೇಳಬೇಡಿ, ದಯವಿಟ್ಟು. ಕೆಟ್ಟದ್ದು ಹಾಲಲ್ಲ. ತಾಯಿಯ ತಟ್ಟೆ ತುಂಬಿದರೆ ಹಾಲೂ ಸರಿಹೋಗುತ್ತದೆ.

ಇದು ನಮ್ಮೊಬ್ಬರ ಊರಿನ ಕತೆಯಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ವೈದ್ಯರು, ಶ್ವಾಸಕೋಶದ ರಕ್ತದೊತ್ತಡ ವಿಪರೀತ ಏರಿ ಸಾವಿನಂಚಿಗೆ ಬಂದ ಎಳೆಗೂಸುಗಳು ಬಿ1 ಸೂಜಿಗೆ ಗಂಟೆಗಳಲ್ಲಿ ಚೇತರಿಸಿಕೊಂಡದ್ದನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ. ಅಲ್ಲೂ ಬಾಣಂತಿಯರ ಪಥ್ಯ, ಪಾಲಿಶ್ ಅಕ್ಕಿ. ಕಾಶ್ಮೀರದ ವೈದ್ಯರು ಮೊಲೆಹಾಲು ಮಾತ್ರ ಕುಡಿಯುವ ಕೂಸುಗಳ ಮಿದುಳಿನ ಸ್ಕ್ಯಾನ್‌ಗಳನ್ನು ಪ್ರಕಟಿಸಿದ್ದಾರೆ. ಎಳೆಗೂಸಿನ ನೆತ್ತಿಯ ಮೆತ್ತಗಿನ ಜಾಗದಿಂದ ಮಾಮೂಲಿ ಅಲ್ಟ್ರಾಸೌಂಡ್ ಹಾಯಿಸಿದರೂ ಒಳಗಿನ ನರಗಂಟುಗಳು ಬೆಳ್ಳಗೆ ಹೊಳೆಯುವುದು ಕಾಣುತ್ತದೆ. ಬಸುರಿಯರಿಗೆ ಬಳಸುವ ಆ ಯಂತ್ರ ತಾಲ್ಲೂಕು ಮಟ್ಟದಲ್ಲೇ ಸಿಗುತ್ತದೆ. 2003ರಲ್ಲಿ ಇಸ್ರೇಲಿನಲ್ಲಿ ಸೋಯಾ ಹಾಲಿನ ಪುಡಿಯೊಂದರಲ್ಲಿ ಬಿ1 ಇಲ್ಲದೆ ಕೂಸುಗಳು ಮಿದುಳಿಗೆ ಪೆಟ್ಟು ತಿಂದವು, ಕೆಲವು ಸತ್ತವು. ಅಷ್ಟು ಸಿರಿವಂತ ದೇಶದ, ಅಷ್ಟು ಒಳ್ಳೆಯ ಆಸ್ಪತ್ರೆಗಳ ವೈದ್ಯರಿಗೂ ಮೊದಲು ಹೊಳೆಯಲಿಲ್ಲ.

ಆಶಾ ಕಾರ್ಯಕರ್ತೆಯರೇ, ಮನೆಭೇಟಿಯಲ್ಲಿ ನೀವು ನೋಡಬೇಕಾದದ್ದು ಇದು: ಮೊದಲ ಆರು ತಿಂಗಳ ಕೂಸು, ಮೊಲೆಹಾಲು ಮಾತ್ರ ಕುಡಿಯುವುದು, ಜ್ವರವಿಲ್ಲದೆ ವಾಂತಿ, ದನಿ ಒಡೆದ ಅಥವಾ ದನಿಯೇ ಇಲ್ಲದ ಅಳು, ಇಳಿಬಿದ್ದ ರೆಪ್ಪೆ, ತೇಲುಗಣ್ಣು, ಏದುಸಿರು. ದೃಷ್ಟಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ, ಗಾಡಿ ಬರುವಷ್ಟರಲ್ಲಿ ತೆಗೆಯಲಿ. ಬರೆ ಹಾಕಿಸಲು ಬಿಡಬೇಡಿ. 108ಕ್ಕೆ ಫೋನ್ ಮಾಡಿ, 'ತಾಯಿ ಪಥ್ಯದಲ್ಲಿದ್ದಾಳೆ' ಎಂಬ ಮಾತನ್ನು ಚೀಟಿಯಲ್ಲಿ ಬರೆದು ಕಳಿಸಿ. ಆ ಎರಡು ಪದ ಡಾಕ್ಟರಿಗೆ ಯಾವ ಲ್ಯಾಬ್ ರಿಪೋರ್ಟಿಗಿಂತ ಹೆಚ್ಚು ಹೇಳುತ್ತವೆ.

ಅತ್ತೆಯರನ್ನು ಬೈಯಲು ನಾನು ಬಂದಿಲ್ಲ. ಅವರ ಪಥ್ಯ ಅವರ ಕಾಲದ ಅಡುಗೆಮನೆಗೆ ಸರಿಯಾಗಿಯೇ ಇತ್ತು. ಆಗ ಭತ್ತವನ್ನು ಒರಳಲ್ಲಿ ಹಾಕಿ ಒನಕೆಯಲ್ಲಿ ಕುಟ್ಟುತ್ತಿದ್ದರು. ತೌಡು ಅಕ್ಕಿಗೇ ಅಂಟಿಕೊಂಡಿರುತ್ತಿತ್ತು. ಜಗಳೂರು ಸೀಮೆಯಲ್ಲಂತೂ ಅನ್ನವೇ ಅಪರೂಪ. ರಾಗಿ, ಜೋಳ, ನವಣೆ, ಸಾಮೆ. ಅಂಥ ಮನೆಯಲ್ಲಿ ಬಾಣಂತಿಗೆಂದು ಬೇಯಿಸಿದ ಅನ್ನ ಗೌರವದ ಊಟ. ಅದರ ಜೊತೆಗೆ ಕೊಡುವ ಬೆಳ್ಳುಳ್ಳಿಯ ಬಗ್ಗೆ ಒಂದು ಮಾತು. 1950ರ ದಶಕದ ಆರಂಭದಲ್ಲಿ ಜಪಾನಿನ ಸಂಶೋಧಕರು, ಬೆಳ್ಳುಳ್ಳಿಯಲ್ಲಿರುವ ಒಂದು ವಸ್ತು ಬಿ1 ಜೊತೆ ಕೂಡಿ, ಕರುಳಿಗೆ ಇನ್ನೂ ಸುಲಭವಾಗಿ ಇಳಿಯುವ ರೂಪ ತಾಳುತ್ತದೆ ಎಂದು ಕಂಡುಕೊಂಡರು. ಅಜ್ಜಿಯ ಬೆಳ್ಳುಳ್ಳಿ ತನ್ನ ಕೆಲಸ ಮಾಡಲು ತಯಾರಾಗಿಯೇ ಇದೆ. ಕೂಡಿಕೊಳ್ಳಲು ಬಿ1 ಬೇಕಲ್ಲ!

ಅದನ್ನು ತೆಗೆದುಕೊಂಡು ಹೋದದ್ದು ಗಿರಣಿ. ಭದ್ರಾ ನಾಲೆ ಬಂದ ಮೇಲೆ ಹೊನ್ನಾಳಿ, ಚನ್ನಗಿರಿಯ ಬಯಲು ಭತ್ತದ ಗದ್ದೆಯಾಯಿತು. ಅಕ್ಕಿ ಬೆಳ್ಳಗಿದ್ದಷ್ಟೂ ಬೆಲೆ. ಪಾಲಿಶ್ ಮಾಡುವಾಗ ಉದುರುವ ತೌಡಿನಲ್ಲಿ ಬಿ1ನ ಬಹುಪಾಲು ಹೋಗುತ್ತದೆ: ತೌಡು ಎಣ್ಣೆ ಕಾರ್ಖಾನೆಗೆ, ಮಿಕ್ಕದ್ದು ಎಮ್ಮೆಗೆ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಉಳಿಯುವುದು ಸುಮಾರು 0.05 ಮಿಲಿಗ್ರಾಂ, ಅಷ್ಟೇ ರಾಗಿ ಅಥವಾ ಜೋಳದಲ್ಲಿ 0.35ರ ಆಸುಪಾಸು. ಆ ಅಲ್ಪವನ್ನೂ ಮೂರು ನಾಲ್ಕು ನೀರಲ್ಲಿ ತೊಳೆದು, ಗಂಜಿ ಬಸಿದು ಚೆಲ್ಲುತ್ತೇವೆ. ಬೇಳೆ ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಿದರೆ ಬೇಳೆಯ ಬಿ1 ಕೂಡ ಹಾಳು. ಮೇಲೆ ಅಡಿಕೆ, ಕಡು ಚಹಾ. ಇವೆರಡರ ಒಗರು ಅಂಶವೂ ಬಿ1 ಅನ್ನು ಕೆಡಿಸುತ್ತದೆ. ಚನ್ನಗಿರಿಯವರ ಮುಂದೆ ನಿಂತು ಅಡಿಕೆಯ ವಿರುದ್ಧ ಮಾತಾಡುವಷ್ಟು ಧೈರ್ಯ ನನಗಿಲ್ಲ. ಬಾಣಂತಿಗೆ ಊಟವಾದ ತಕ್ಷಣ ಎಲೆಯಡಿಕೆ ಬೇಡ ಎಂದಷ್ಟೇ ಹೇಳಬಲ್ಲೆ.

ಕರಾವಳಿಯವರು ತಿನ್ನುವ ಕುಸುಬಲಕ್ಕಿಗೆ ಈ ಕೇಡು ಅಷ್ಟಾಗಿ ತಟ್ಟುವುದಿಲ್ಲ. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನ ಬಿ1 ಕಾಳಿನೊಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿ ಎಷ್ಟು ಉಜ್ಜಿದರೂ ಒಂದಷ್ಟು ಉಳಿಯುತ್ತದೆ. ಹಳೆಯ ಮದರಾಸು ಪ್ರಾಂತದಲ್ಲಿ, ಬಿ1 ಕೊರತೆಯಿಂದ ಬರುವ ಬೆರಿಬೆರಿ ಕಾಡಿದ್ದು ಆಂಧ್ರ ಕರಾವಳಿಯ ಹಸಿ ಅಕ್ಕಿ ತಿನ್ನುವ ಜಿಲ್ಲೆಗಳನ್ನು. ಕುಸುಬಲಕ್ಕಿ ತಿನ್ನುವ ಕಡೆಗಳಲ್ಲಿ ಅದು ಅಪರೂಪ. ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಕಟ್ಟಿದ ಪ್ರಯೋಗಾಲಯ ಮೊದಲು ಶುರುವಾದದ್ದು 1918ರಲ್ಲಿ, ಬೆರಿಬೆರಿಯ ವಿಚಾರಣೆಗೆಂದೇ. ಅದೇ ಬೆಳೆದು ಇವತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಅದಕ್ಕೂ ಮುಂಚೆ, 1890ರ ಆಸುಪಾಸಿನಲ್ಲಿ, ಬಟಾವಿಯಾದಲ್ಲಿದ್ದ ಡಚ್ ವೈದ್ಯ ಐಕ್ಮನ್ ತಮ್ಮ ಪ್ರಯೋಗದ ಕೋಳಿಗಳು ಕಾಲು ಸೋತು ಬೀಳುವುದನ್ನು ಕಂಡರು. ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನವನ್ನು ಅವಕ್ಕೆ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು, ಸೈನ್ಯದ ಅನ್ನ ನಾಗರಿಕ ಕೋಳಿಗಳಿಗೆ ಯಾಕೆ ಎಂದು ಕೊಡುವುದನ್ನು ನಿಲ್ಲಿಸಿದ. ತೌಡಿರುವ ಅಗ್ಗದ ಅಕ್ಕಿ ತಿಂದ ಕೋಳಿಗಳು ಎದ್ದು ಓಡಾಡಿದವು. ಒಬ್ಬ ಅಡುಗೆಯವನ ಜಿಪುಣತನ ಕೊಟ್ಟ ಸುಳಿವು 1929ರಲ್ಲಿ ಐಕ್ಮನ್‌ಗೆ ನೊಬೆಲ್ ತಂದಿತು. ಬಿ1 ಅನ್ನು 1936ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ಅಮೆರಿಕದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ನೆಲ್ಲೂರಿನಲ್ಲಿ.

ಬಿ1 ಕೊರತೆಗೂ ವೆರ್ನಿಕೆ ಕಂಡ ಮಿದುಳಿಗೂ ನಂಟಿದೆಯೆಂದು ಮನುಷ್ಯರಲ್ಲಿ ಕಣ್ಣಾರೆ ತೋರಿಸಿದ್ದು ಯುದ್ಧದ ಸೆರೆಶಿಬಿರ. 1942ರಲ್ಲಿ ಸಿಂಗಪುರ ಜಪಾನೀಯರ ವಶವಾದಾಗ ಅಲ್ಲಿನ ಚಾಂಗಿ ಶಿಬಿರದಲ್ಲಿ ಸೆರೆಯಾದ ಬ್ರಿಟಿಷ್ ಸೈನಿಕರಿಗೆ ಸಿಕ್ಕಿದ್ದು ಪಾಲಿಶ್ ಅಕ್ಕಿ, ಜೊತೆಗೆ ರಕ್ತಭೇದಿ. ಕೆಲವೇ ವಾರದಲ್ಲಿ ಅವರಿಗೆ ಕಣ್ಣು ಕಂಪಿಸತೊಡಗಿತು, ವಾಂತಿ, ಗೊಂದಲ. ಕುಡಿಯಲು ಅಲ್ಲಿ ಮದ್ಯವೆಲ್ಲಿಂದ ಬಂತು? ತಾವೂ ಸೆರೆಯಾಳುಗಳಾಗಿದ್ದ ವೈದ್ಯರು ಡಿ ವಾರ್ಡನರ್ ಮತ್ತು ಲೆನಾಕ್ಸ್ ತಮ್ಮಲ್ಲಿದ್ದ ಅಲ್ಪ ಬಿ1 ಕೊಟ್ಟು ನೋಡಿದರು. 52 ರೋಗಿಗಳ ಅವರ ವರದಿ 1947ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಅಚ್ಚಾಯಿತು. ಲ್ಯಾಬಿಲ್ಲ, ಸ್ಕ್ಯಾನಿಲ್ಲ, ಹಸಿವಿನ ಚರಿತ್ರೆ ಕೇಳಿ, ಕಣ್ಣು ನೋಡಿ, ಔಷಧಕ್ಕೆ ಏನಾಯಿತೆಂದು ಬರೆದುಕೊಂಡರು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅವರಿಗಿದ್ದದ್ದಕ್ಕಿಂತ ಹೆಚ್ಚೇ ಸೌಕರ್ಯವಿದೆ.

ವೈದ್ಯ ಮಿತ್ರರಿಗೆ ಈಗ ನೇರವಾಗಿ. ಪುಸ್ತಕದಲ್ಲಿ ಓದಿದ ಮೂರು ಲಕ್ಷಣಗಳು, ಅಂದರೆ ಗೊಂದಲ, ಕಣ್ಣಿನ ಚಲನೆಯ ದೋಷ, ತೂರಾಡುವ ನಡಿಗೆ, ಒಟ್ಟಿಗೆ ಬರಲಿ ಎಂದು ಕಾದರೆ ಬಹುಪಾಲು ರೋಗಿಗಳು ಕೈ ತಪ್ಪಿಹೋಗುತ್ತಾರೆ. ಆಸ್ಟ್ರೇಲಿಯಾದ ಹಾರ್ಪರ್ ಮತ್ತು ಸಂಗಡಿಗರು 1986ರಲ್ಲಿ, ಮರಣೋತ್ತರ ಪರೀಕ್ಷೆಯಲ್ಲಿ ಈ ರೋಗ ಪತ್ತೆಯಾದ 131 ಜನರ ಹಳೆಯ ಕಡತ ತೆಗೆದು ನೋಡಿದರು. ಮೂರೂ ಲಕ್ಷಣ ದಾಖಲಾಗಿದ್ದದ್ದು ನೂರಕ್ಕೆ 16 ಜನರಲ್ಲಿ. ಐವರಲ್ಲಿ ನಾಲ್ವರಿಗೆ ಬದುಕಿದ್ದಾಗ ಯಾರೂ ಈ ರೋಗದ ಹೆಸರನ್ನೇ ಎತ್ತಿರಲಿಲ್ಲ. 1997ರಲ್ಲಿ ಕೇನ್ ಮತ್ತಿತರ ಸಂಶೋಧಕರು ಕುಡಿಯುವವರಿಗಾಗಿ ಸೂಚಿಸಿದ ಅಳತೆ ಹೆಚ್ಚು ಉಪಯೋಗದ್ದು: ಪೋಷಣೆಯ ಕೊರತೆ, ಕಣ್ಣಿನ ಚಲನೆಯ ದೋಷ, ಕಿರುಮಿದುಳಿನ ಲಕ್ಷಣ, ಗೊಂದಲ ಅಥವಾ ನೆನಪಿನ ತೊಂದರೆ. ಈ ನಾಲ್ಕರಲ್ಲಿ ಎರಡಿದ್ದರೆ ಸಾಕು, ಚಿಕಿತ್ಸೆ ಶುರು. ರಕ್ತದ ಬಿ1 ಅಳತೆ ದೊಡ್ಡ ಊರಿಗೆ ಹೋಗಿ ಬರಲು ದಿನಗಳು ಬೇಕು. ಎಂಆರ್‌ಐಯಲ್ಲಿ ಕಂಡರೆ ನಂಬಬಹುದು, ಕಾಣದಿದ್ದರೆ ರೋಗವಿಲ್ಲ ಅನ್ನಲಾಗದು. ಅರ್ಧದಷ್ಟು ರೋಗಿಗಳಲ್ಲಿ ಅದು ಏನೂ ತೋರಿಸುವುದಿಲ್ಲ.

ದೊಡ್ಡವರಿಗೆ ಕೊಡುವ ಕ್ರಮ: 500 ಮಿಲಿಗ್ರಾಂ ಬಿ1 ಅನ್ನು 100 ಎಂ.ಎಲ್. ಸಲೈನಿನಲ್ಲಿ ಬೆರೆಸಿ, ಅರ್ಧ ಗಂಟೆಯಲ್ಲಿ ರಕ್ತನಾಳಕ್ಕೆ; ದಿನಕ್ಕೆ ಮೂರು ಸಲ, ಎರಡು ಮೂರು ದಿನ. ಗುಣ ಕಂಡರೆ ಆಮೇಲೆ ದಿನಕ್ಕೆ 250, ಇನ್ನೂ ಕೆಲವು ದಿನ. ಯುರೋಪಿನ ನರವೈದ್ಯರ ಸಂಘ 2010ರಲ್ಲಿ ದಿನಕ್ಕೆ ಮೂರು ಸಲ 200 ಸಾಕು ಎಂದಿತು. ಇನ್ನೂರೋ ಐನೂರೋ ಎಂಬ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ. ನಮ್ಮಲ್ಲಿ ನಡೆಯುತ್ತಿರುವುದು ಸೊನ್ನೆಗೂ 200ಕ್ಕೂ ಇರುವ ಜಗಳ. 'ಬಿ-ಕಾಂಪ್ಲೆಕ್ಸ್ ಹಾಕಿದ್ದೇವೆ ಸಾರ್' ಎಂದು ಬಾಟಲಿಯ ನೀರು ಹಳದಿಯಾಗಿರುವುದನ್ನು ತೋರಿಸುತ್ತಾರೆ. ಶೀಶೆಯ ಮೇಲಿನ ಅಕ್ಷರ ಓದಿ, ಅದರಲ್ಲಿ ಬಿ1 ಎಷ್ಟು ಮಿಲಿಗ್ರಾಂ ಇದೆ ಎಂದು ನೋಡಿ. ಮಾತ್ರೆ ಸಾಲದು, ಒಮ್ಮೆ ನುಂಗಿದ ಮಾತ್ರೆಯಿಂದ ಕರುಳು ಹೀರಿಕೊಳ್ಳುವುದು ನಾಲ್ಕೈದು ಮಿಲಿಗ್ರಾಂ ಮಾತ್ರ, ಕುಡಿಯುವವನಲ್ಲಿ ಅದಕ್ಕಿಂತಲೂ ಕಡಿಮೆ. ಮೆಗ್ನೀಶಿಯಂ ಕೊರತೆಯಿದ್ದರೆ ಬಿ1 ಕೊಟ್ಟರೂ ಕಿಣ್ವ ಏಳುವುದಿಲ್ಲ. ಗುಣ ಕಾಣದಿದ್ದಾಗ ಅದನ್ನು ನೆನೆಯಿರಿ.

ಒಂದು ಎಚ್ಚರಿಕೆ. ಗ್ಲೂಕೋಸಿಗೆ ಮೊದಲು ಎಂದೆನಲ್ಲ, ಅದನ್ನು ಮಂತ್ರ ಮಾಡಿಕೊಳ್ಳಬೇಡಿ. ರಕ್ತದ ಸಕ್ಕರೆ ನಿಜವಾಗಿ ಕುಸಿದು ಪ್ರಜ್ಞೆ ತಪ್ಪಿದವನಿಗೆ, ಬಿ1 ಶೀಶೆ ಹುಡುಕುತ್ತ ಗ್ಲೂಕೋಸ್ ತಡೆಹಿಡಿಯುವುದು ಕೊಲೆ. ಗ್ಲೂಕೋಸ್ ತಕ್ಷಣ, ಬಿ1 ಅದರ ಬೆನ್ನಿಗೇ. ಸೂಜಿಯ ಅಲರ್ಜಿಯ ಬಗ್ಗೆ ಹೆದರುವವರಿಗೆ: ಅದು ತೀರ ಅಪರೂಪ. ಇನ್ನಾವ ಸೂಜಿಗೂ ಇಟ್ಟುಕೊಳ್ಳುವ ತುರ್ತು ಔಷಧದ ತಟ್ಟೆ ಪಕ್ಕದಲ್ಲಿದ್ದರೆ ಸಾಕು.

ಬಿ1 ಕೊಟ್ಟ ಮೇಲೆ ಕಣ್ಣು ಗಂಟೆಗಳಲ್ಲಿ, ದಿನಗಳಲ್ಲಿ ಸರಿಯಾಗುತ್ತದೆ. ನಡಿಗೆಗೆ ವಾರ, ತಿಂಗಳು. ನೆನಪು ಎಲ್ಲಕ್ಕಿಂತ ಕೊನೆಗೆ, ಅದೂ ಬಂದರೆ. ರಷ್ಯದ ಸೆರ್ಗೇಯ್ ಕೊರ್ಸಕಾಫ್ 1880ರ ದಶಕದ ಕೊನೆಯಲ್ಲಿ ಬರೆದಿಟ್ಟ, ನೆನಪು ಬಾರದೇ ಹೋಗುವ ಆ ಸ್ಥಿತಿಯ ರೋಗಿಯೊಬ್ಬರು ನಮ್ಮ ವಾರ್ಡಿನಲ್ಲಿದ್ದರು. ಜಗಳೂರಿನ ಕಡೆಯವರು. ನಮಸ್ಕಾರ ಮಾಡಿದರೆ ಚೆನ್ನಾಗಿ ಮಾತಾಡುವರು. ಬೆಳಿಗ್ಗೆ ಏನು ಮಾಡಿದಿರಿ ಎಂದರೆ, ಮೆಕ್ಕೆಜೋಳದ ಮೂಟೆ ಹೇರಿಕೊಂಡು ದಾವಣಗೆರೆ ಮಂಡಿಗೆ ಹೋಗಿದ್ದು, ಅಲ್ಲಿ ತೂಕದಲ್ಲಿ ಮೋಸವಾದದ್ದು, ಜಗಳವಾಡಿದ್ದು ಎಲ್ಲ ವಿವರವಾಗಿ ಹೇಳುವರು. ತಿಂಗಳಿಂದ ಅವರು ಮಂಚ ಬಿಟ್ಟು ಇಳಿದಿರಲಿಲ್ಲ. ಅದು ಸುಳ್ಳಲ್ಲ, ಖಾಲಿಯಾದ ನೆನಪಿನ ಜಾಗಕ್ಕೆ ಮಿದುಳು ತುಂಬುವ ಪದಾರ್ಥ. ನಾನು ಕೋಣೆಯಿಂದ ಹೊರಗೆ ಹೋಗಿ ಐದು ನಿಮಿಷಕ್ಕೆ ಮರಳಿದರೆ ಮತ್ತೆ ಹೊಸದಾಗಿ ನಮಸ್ಕಾರ. ಅವರ ಹೆಂಡತಿ ನನ್ನನ್ನು ಕೇಳಿದ್ದು ಔಷಧದ ಮಾತಲ್ಲ, ಪಹಣಿಗೆ ಯಾರಾದರೂ ಅವರಿಂದ ಸಹಿ ಹಾಕಿಸಿಕೊಂಡರೆ ಏನು ಮಾಡುವುದು ಎಂದು. ಈ ಪ್ರಶ್ನೆಗೆ ನನ್ನ ಹತ್ತಿರ ಸೂಜಿಯಿಲ್ಲ.

ಇನ್ನು ಸರ್ಕಾರದ ಕಡೆ. 2013ರಿಂದ ಅನ್ನಭಾಗ್ಯದ ಅಕ್ಕಿ ಬಂದು ನಮ್ಮ ತಾಲ್ಲೂಕುಗಳ ಹಸಿವು ಕಡಿಮೆಯಾದದ್ದನ್ನು ಕಣ್ಣಾರೆ ಕಂಡವನು ನಾನು. ಅದನ್ನು ಹಳಿಯುವವರ ಜೊತೆ ನಿಲ್ಲುವುದಿಲ್ಲ. ಆದರೆ ಪಡಿತರದ ಸಾರವರ್ಧಿತ ಅಕ್ಕಿಗೆ ಸೇರಿಸಿದ್ದು ಕಬ್ಬಿಣ, ಫೋಲಿಕ್ ಆಮ್ಲ, ಬಿ12. ಪಾಲಿಶ್ ಮಾಡಿ ಕಳೆದದ್ದು ಬಿ1, ಅದನ್ನು ಮಾತ್ರ ವಾಪಸ್ಸು ಹಾಕಿಲ್ಲ! ಅದನ್ನೂ ಸೇರಿಸಿ ಎಂದು ಕೇಳುವುದು ನ್ಯಾಯ. ರಾಗಿ, ಜೋಳ ಹೆಚ್ಚು ಕೊಡಿ ಎಂದು ಕೇಳುವುದೂ ನ್ಯಾಯ. ಜಗಳೂರಿನ ಹೊಲದ ತುಂಬ ಮೆಕ್ಕೆಜೋಳ ನಿಂತು ಕೋಳಿ ಆಹಾರದ ಕಾರ್ಖಾನೆಗೆ ಹೋಗುತ್ತದೆ, ಮನೆಗೆ ಬೇರೆ ಕಡೆಯ ಬಿಳಿ ಅಕ್ಕಿ ಬರುತ್ತದೆ.

2017ರ ಅಕ್ಟೋಬರಿನಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಊಟದಲ್ಲಿ ಬೇಳೆ, ತರಕಾರಿ, ಮೊಟ್ಟೆ, ಶೇಂಗಾ ಚಿಕ್ಕಿ ಎಲ್ಲ ಇವೆ. ಬಾಣಂತಿಗೆ ಬೇಕಾದ್ದೇ. ಆದರೆ ಹೊಸ್ತಿಲು ದಾಟದೆ ಕೋಣೆಯಲ್ಲಿ ಕೂತ ಬಾಣಂತಿ ಅಂಗನವಾಡಿಗೆ ಬಂದು ಉಣ್ಣುವುದು ಹೇಗೆ? ಬುತ್ತಿ ಮನೆಗೆ ಹೋಗಬೇಕು, ಮೊದಲ ಮೂರು ತಿಂಗಳಾದರೂ. ಬುತ್ತಿಯ ಜೊತೆ ಅತ್ತೆಗೆ ಒಂದು ಮಾತೂ ಹೋಗಬೇಕು: ನಿಮ್ಮ ಬೆಳ್ಳುಳ್ಳಿ ಖಾರ, ತುಪ್ಪ, ಅಂಟಿನುಂಡೆ ಯಾವುದನ್ನೂ ಬಿಡಬೇಡಿ. ಹೆಸರುಬೇಳೆ ತೊವ್ವೆ, ರಾಗಿ ಅಂಬಲಿ, ಒಂದು ಹಿಡಿ ಶೇಂಗಾ ಸೇರಿಸಿ. 'ಬಿಡಿ' ಎಂದರೆ ಜಗಳಕ್ಕೆ ಬರುವವರು 'ಸೇರಿಸಿ' ಎಂದರೆ ಕೇಳುತ್ತಾರೆ. ಕಾಫಿ ತೋಟಕ್ಕೆ, ಕಬ್ಬು ಕಡಿಯಲಿಕ್ಕೆ ಎಳೆಗೂಸು ಕಟ್ಟಿಕೊಂಡು ಗುಳೆ ಹೋಗುವ ತಾಂಡಾದ ಹೆಣ್ಣುಮಕ್ಕಳಿಗೆ ಈ ಬುತ್ತಿಯೂ ಇಲ್ಲ, ಆಶಾ ಕಾರ್ಯಕರ್ತೆಯ ಭೇಟಿಯೂ ಇಲ್ಲ. ಅವರು ಹೊರಡುವ ಮುಂಚೆ ಬಿ1 ಮಾತ್ರೆಯ ಒಂದು ಪಟ್ಟಿಯನ್ನಾದರೂ ಕೈಗಿಡಬಹುದು.

ಆಸ್ಪತ್ರೆಗಳಲ್ಲಿ ಆಗಬೇಕಾದದ್ದಕ್ಕೆ ಮೇಲಿನಿಂದ ಆದೇಶ ಬರಬೇಕಿಲ್ಲ. ಬಿ1 ಶೀಶೆ ಔಷಧ ಉಗ್ರಾಣದ ಬೀರುವಿನೊಳಗೆ ಇದ್ದರೆ ಇಲ್ಲದಂತೆಯೇ. ರಾತ್ರಿ ಪಾಳಿಯಲ್ಲಿ ಬೀಗದ ಕೈ ಇರುವವರು ಇರುವುದಿಲ್ಲ. ಅದು ತುರ್ತು ಚಿಕಿತ್ಸೆಯ ತಟ್ಟೆಯಲ್ಲಿ, ಹೆರಿಗೆ ಕೋಣೆಯಲ್ಲಿ, ಗ್ಲೂಕೋಸ್ ಬಾಟಲಿಗಳ ಕಪಾಟಿನಲ್ಲೇ ಅವುಗಳ ಮುಂದೆ ಇರಬೇಕು. ಬಾಟಲಿ ತೆಗೆಯುವ ಕೈಗೆ ಮೊದಲು ಅದು ತಾಗಬೇಕು. ದೊಡ್ಡ ಆಸ್ಪತ್ರೆಗೆ ಕಳಿಸುವುದಿದ್ದರೂ ಮೊದಲ ಪ್ರಮಾಣ ಇಲ್ಲೇ ಕೊಟ್ಟು, ಕೊಟ್ಟ ಹೊತ್ತು ಬರೆದು ಕಳಿಸಿ. ಗಾಡಿ ದಾವಣಗೆರೆ ಮುಟ್ಟುವ ಹೊತ್ತಿನಲ್ಲಿ ಮಿದುಳು ಕಾಯುತ್ತ ಕೂರುವುದಿಲ್ಲ.

ನನ್ನ ಗಂಟೆ ಮುಗಿಯಿತೆಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಈಗ ಪ್ರಶ್ನೆಗಳು. ಆಶಾ ಮತ್ತು ಅಂಗನವಾಡಿಯವರದ್ದು ಮೊದಲು, ಅವರಿಗೆ ಕೊನೆಯ ಬಸ್ಸಿದೆ, ಡಾಕ್ಟರುಗಳದ್ದು ಆಮೇಲೆ.